ಲೆಕ್ಕ ಗಣಕದ್ದು, ಎಚ್ಚರ ನಮ್ಮದು

ನ್ಯಾಮತಿ ಕಡೆಯ ಒಂದು ಹಳ್ಳಿ ಎಂದಿಟ್ಟುಕೊಳ್ಳೋಣ. ಮೆಕ್ಕೆಜೋಳದ ತೆನೆಯಲ್ಲಿ ಹಾಲು ತುಂಬುವ ಹೊತ್ತು. ಕತ್ತಲಾದರೆ ಸಾಕು, ಹಂದಿಗಳ ಹಿಂಡು ಹೊಲಕ್ಕೆ ನುಗ್ಗುತ್ತದೆ. ತಿಂದದ್ದಕ್ಕಿಂತ ಕೆಡವಿದ್ದೇ ಹೆಚ್ಚು. ಮನೆಯ ಗೋಡೆಯಲ್ಲಿ ಹಳೆಯ ಕಾಲದ ಕೇಪಿನ ಕೋವಿಯೊಂದು ತೂಗುತ್ತಿದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದದ್ದು. ಪಿಯುಸಿ ವಿಜ್ಞಾನ ಓದುವ ಮೊಮ್ಮಗ ಜಗಲಿಯ ಮೇಲೆ ಮೊಬೈಲು ಹಿಡಿದು ಕುಳಿತಿದ್ದಾನೆ.

“ಏನ್ ನೋಡ್ತಿದೀಯೋ ತಮ್ಮಾ?” ಎಂದರು ಅಜ್ಜ.

“ಅಜ್ಜ, ಇದ್ರಾಗೆ ಗುಂಡಿನ ತೂಕ, ಮದ್ದಿನ ತೂಕ ಹಾಕಿದ್ರೆ ಸಾಕು. ಗುಂಡು ಎಷ್ಟು ಜೋರಾಗಿ ಹೋಗುತ್ತೆ ಅಂತ ಇದೇ ಹೇಳುತ್ತೆ. ನೀನು ಅಂದಾಜಿನ ಮೇಲೆ ಮದ್ದು ಹಾಕೋದು ಬೇಕಾಗಿಲ್ಲ. ಅಮೆರಿಕದಾಗೆ ಎಷ್ಟೋ ಜನ ಹಿಂಗೇ ತೋಟ ತುಂಬ್ಕೋತಾರಂತೆ.”

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅದು ನಮ್ಮ ಕೋವೀನ ನೋಡೈತೇನೋ?”

ಈ ಮಾತುಕತೆ ಕಲ್ಪನೆಯದು. ಪ್ರಶ್ನೆ ಮಾತ್ರ ನಿಜವಾದದ್ದು. ಚನ್ನಗಿರಿಯ ಅಡಿಕೆ ತೋಟವಿರಲಿ, ಹೊನ್ನಾಳಿಯ ಹೊಳೆಸಾಲಿನ ಗದ್ದೆಯಿರಲಿ, ಜಗಳೂರಿನ ಮಳೆಯಾಶ್ರಿತ ಹೊಲವಿರಲಿ, ಇಂದು ಮನೆಮನೆಗೂ ಮೊಬೈಲು ಬಂದಿದೆ. ಅದರೊಳಗೆ ಯಾವ ಲೆಕ್ಕವನ್ನಾದರೂ ಕ್ಷಣದಲ್ಲಿ ಮಾಡಿಕೊಡುವ ತಂತ್ರಾಂಶಗಳಿವೆ. ಗುಂಡಿನ ಚಲನೆಯನ್ನು ಲೆಕ್ಕ ಹಾಕುವ ‘ಬ್ಯಾಲಿಸ್ಟಿಕ್ಸ್’ ತಂತ್ರಾಂಶವೂ ಅವುಗಳಲ್ಲಿ ಒಂದು. ಅದು ಹೇಳುವ ಸಂಖ್ಯೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು? ಇದು ಕೋವಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ವಿಜ್ಞಾನ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆ ಕೇಳಿಕೊಳ್ಳಬೇಕಾದದ್ದು.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಅಮೆರಿಕದಲ್ಲಿ, ಯುರೋಪಿನ ಕೆಲವು ದೇಶಗಳಲ್ಲಿ ಗುರಿಕಾರರು ಖಾಲಿ ಹಿತ್ತಾಳೆ ತೋಟಗಳಿಗೆ ತಾವೇ ಕೇಪು, ಮದ್ದು, ಗುಂಡು ತುಂಬಿಕೊಳ್ಳುವುದು ರೂಢಿಯಲ್ಲಿದೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿ ಹೇಳುವುದು ತೋಟ ತುಂಬುವ ವಿಧಾನವನ್ನಲ್ಲ. ಆ ಕೆಲಸವನ್ನು ಬಲ್ಲವರೂ ಗಣಕದ ಮುಂದೆ ಏಕೆ ಕೈಕಟ್ಟಿ ನಿಂತು ಯೋಚಿಸುತ್ತಾರೆ ಎಂಬುದನ್ನು ಮಾತ್ರ.

27 ಕಿಲೋಮೀಟರ್ ಹೋಗದ ಗುಂಡು

ಎಸೆದ ವಸ್ತು ಪರವಲಯದ ಹಾದಿಯಲ್ಲಿ ಚಲಿಸುತ್ತದೆ ಎಂದು ಪಿಯುಸಿ ಪುಸ್ತಕ ಹೇಳುತ್ತದೆ. 45 ಡಿಗ್ರಿ ಕೋನದಲ್ಲಿ ಎಸೆದರೆ ಅದು ಹೋಗುವ ದೂರ ಎಂದರೆ ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿದಷ್ಟು. ಹಳೆಯ ಕಾಲದ ಮಸ್ಕೆಟ್ ಬಂದೂಕಿನ ಸೀಸದ ಗುಂಡು ಸೆಕೆಂಡಿಗೆ ಸುಮಾರು 1,700 ಅಡಿ, ಅಂದರೆ 518 ಮೀಟರ್ ವೇಗದಲ್ಲಿ ಹೊರಬೀಳುತ್ತದೆ ಎಂದಿಟ್ಟುಕೊಂಡು ಲೆಕ್ಕ ಮಾಡಿ ನೋಡಿ. 518ರ ವರ್ಗವನ್ನು 9.8ರಿಂದ ಭಾಗಿಸಿದರೆ ಸುಮಾರು 27,000 ಮೀಟರ್ ಬರುತ್ತದೆ. 27 ಕಿಲೋಮೀಟರ್!

ನಿಜವಾಗಿ ಆ ಗುಂಡು ಒಂದು ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಲೆಕ್ಕದಲ್ಲಿ ತಪ್ಪಿಲ್ಲ, ಸೂತ್ರದಲ್ಲೂ ತಪ್ಪಿಲ್ಲ. ಆದರೆ ಸೂತ್ರದ ಜೊತೆಯಲ್ಲಿ ಒಂದು ಕರಾರು ಇತ್ತು: ‘ಗಾಳಿಯ ತಡೆಯನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ’. ಪರೀಕ್ಷೆಗೆ ಓದುವಾಗ ನಾವು ಸೂತ್ರವನ್ನು ಬಾಯಿಪಾಠ ಮಾಡುತ್ತೇವೆ, ಕರಾರನ್ನು ಮರೆಯುತ್ತೇವೆ.

ಈ ಮರೆವನ್ನು ಜಗತ್ತಿಗೆ ಎತ್ತಿ ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಅವನು ಭಾರವಾದ ಮರದ ದಿಮ್ಮಿಯನ್ನು ಲೋಲಕದಂತೆ ತೂಗುಹಾಕಿ ಅದಕ್ಕೆ ಗುಂಡು ಹೊಡೆದ. ದಿಮ್ಮಿ ಎಷ್ಟು ತೂಗಿತು ಎಂಬುದನ್ನು ಅಳೆದು, ಸಂವೇಗ ಸಂರಕ್ಷಣೆಯ ನಿಯಮದಿಂದ ಗುಂಡಿನ ವೇಗವನ್ನು ಕಂಡುಹಿಡಿದ. ದಿಮ್ಮಿಯನ್ನು ದೂರ ದೂರಕ್ಕೆ ಸರಿಸಿ ಹೊಡೆದಾಗ ಗಾಳಿ ಗುಂಡನ್ನು ಎಷ್ಟು ಬಲವಾಗಿ ತಡೆಯುತ್ತದೆ ಎಂಬುದು ಬಯಲಾಯಿತು. 1742ರಲ್ಲಿ ಅವನ ಪುಸ್ತಕ ಅಚ್ಚಾಯಿತು. ಮಹಾಗಣಿತಜ್ಞ ಆಯ್ಲರ್ 1745ರಲ್ಲಿ ಅದನ್ನು ಜರ್ಮನ್ ಭಾಷೆಗೆ ತಂದ. ಈ ರಾಬಿನ್ಸ್ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ನಮ್ಮ ದೇಶಕ್ಕೇ ಬಂದ. 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ.

ರಾಬಿನ್ಸನ ಪಾಠ ಸರಳ. ಲೆಕ್ಕ ಮಾಡು, ಆಮೇಲೆ ಅಳೆದು ನೋಡು. ಎರಡೂ ಕೂಡದಿದ್ದರೆ ಅಳತೆಯನ್ನು ನಂಬು, ಲೆಕ್ಕ ಏನನ್ನು ಬಿಟ್ಟಿತು ಎಂದು ಹುಡುಕು.

ಗಣಕ ಹುಟ್ಟಿದ್ದೇ ಇದಕ್ಕಾಗಿ

ಗಾಳಿಯ ತಡೆಯನ್ನು ಸೇರಿಸಿಕೊಂಡರೆ ಲೆಕ್ಕ ಸುಲಭವಲ್ಲ. ಹಾದಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿ, ಒಂದೊಂದು ತುಂಡಿಗೂ ಪ್ರತ್ಯೇಕವಾಗಿ ಗುಣಿಸಿ ಕೂಡಿಸಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹತ್ತಾರು ಮಹಿಳೆಯರು ಕೈಯಂತ್ರಗಳ ಮುಂದೆ ಕುಳಿತು ಈ ಕೆಲಸ ಮಾಡುತ್ತಿದ್ದರು. ಒಂದು ನಿಮಿಷ ಹಾರುವ ಒಂದೇ ಒಂದು ಫಿರಂಗಿ ಗುಂಡಿನ ಹಾದಿಗೆ ಸುಮಾರು 20 ಗಂಟೆ ಹಿಡಿಯುತ್ತಿತ್ತು. ಅದನ್ನು ಬೇಗ ಮುಗಿಸಲೆಂದೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎನಿಯಾಕ್ ಎಂಬ ಬೃಹತ್ ಗಣಕವನ್ನು ಕಟ್ಟಿದರು. 1946ರ ಫೆಬ್ರವರಿಯಲ್ಲಿ ಅದು ಲೋಕಕ್ಕೆ ಪರಿಚಯವಾಯಿತು. 20 ಗಂಟೆಯ ಲೆಕ್ಕವನ್ನು ಅದು 30 ಸೆಕೆಂಡಿನಲ್ಲಿ ಮಾಡಿತು. ಗುಂಡು ಹಾರಿ ಬೀಳುವ ಹೊತ್ತಿಗೆ ಮೊದಲೇ ಉತ್ತರ ಸಿದ್ಧ! ಹಾಗೆಂದು ಫಿರಂಗಿಗಳನ್ನು ಮೈದಾನದಲ್ಲಿ ಹಾರಿಸಿ ನೋಡುವುದನ್ನು ಯಾರೂ ನಿಲ್ಲಿಸಲಿಲ್ಲ.

ಇಂದು ಆ ಕೆಲಸವನ್ನು ಜೇಬಿನ ಮೊಬೈಲೇ ಮಾಡುತ್ತದೆ. ಆದರೆ ಗುಂಡಿನ ಲೆಕ್ಕದಲ್ಲಿ ಎರಡು ಬಗೆ ಇದೆ ಎಂಬುದನ್ನು ಮರೆಯಬಾರದು. ಒಂದು ನಳಿಗೆಯ ಹೊರಗಿನದು. ಗುಂಡು ಹೊರಬಿದ್ದ ಮೇಲೆ ಎಷ್ಟು ಇಳಿಯುತ್ತದೆ, ಗಾಳಿಗೆ ಎಷ್ಟು ಸರಿಯುತ್ತದೆ ಎಂಬ ಲೆಕ್ಕ. ಇದು ತಪ್ಪಿದರೆ ಗುಂಡು ಗುರಿಯನ್ನು ಬಿಟ್ಟು ಬೇರೆಡೆ ಬೀಳುತ್ತದೆ. ಗುರಿಯ ಹಿಂದೆ ಮಣ್ಣಿನ ದಿಬ್ಬವಿದ್ದರೆ ಅಷ್ಟಕ್ಕೇ ಮುಗಿಯಿತು.

ಇನ್ನೊಂದು ನಳಿಗೆಯ ಒಳಗಿನದು. ಮದ್ದು ಹೇಗೆ ಉರಿಯುತ್ತದೆ, ಎಷ್ಟು ಒತ್ತಡ ಹುಟ್ಟುತ್ತದೆ ಎಂಬ ಲೆಕ್ಕ. ಇದು ತಪ್ಪಿದರೆ ತಪ್ಪು ದೂರದ ಗುರಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಹೊಡೆಯುವವನ ಕಣ್ಣಿನಿಂದ ಒಂದು ಗೇಣು ದೂರದಲ್ಲಿ ಕಾಣಿಸಿಕೊಳ್ಳುತ್ತದೆ.

ನಳಿಗೆಯೊಳಗಿನ ಒಲೆ

ಕಾರಿನ ಚಕ್ರದೊಳಗಿನ ಗಾಳಿಯ ಒತ್ತಡ ಚದರ ಅಂಗುಲಕ್ಕೆ ಸುಮಾರು 30 ಪೌಂಡ್. ಪ್ರಪಂಚದ ಅನೇಕ ಕಡೆ ಬಳಕೆಯಲ್ಲಿರುವ .308 ವಿಂಚೆಸ್ಟರ್ ಎಂಬ ರೈಫಲ್ ತೋಟಕ್ಕೆ ಅಮೆರಿಕದ ತಯಾರಕರ ಸಂಸ್ಥೆ ವಿಧಿಸಿರುವ ಗರಿಷ್ಠ ಮಿತಿ 62,000 ಪೌಂಡ್. ಅಂದರೆ ಚಕ್ರದ ಒತ್ತಡದ 2,000 ಪಟ್ಟು, ವಾತಾವರಣದ ಒತ್ತಡದ 4,200 ಪಟ್ಟು. ಇದೆಲ್ಲ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿ ನಡೆದು ಮುಗಿಯುತ್ತದೆ.

ಬಣವೆಗೆ ಬೆಂಕಿ ಬಿದ್ದದ್ದನ್ನು ಕಂಡವರಿಗೆ ಗೊತ್ತು. ಬೆಂಕಿ ತನ್ನ ಗಾಳಿಯನ್ನು ತಾನೇ ಎಬ್ಬಿಸಿಕೊಳ್ಳುತ್ತದೆ, ಆ ಗಾಳಿ ಬೆಂಕಿಯನ್ನು ಮತ್ತಷ್ಟು ಹೆಚ್ಚಿಸುತ್ತದೆ. ಹೊಗೆಯಿಲ್ಲದ ಮದ್ದಿನ ಗುಣವೂ ಸ್ವಲ್ಪ ಹೀಗೆಯೇ. 1884ರಲ್ಲಿ ಅಂಥ ಮದ್ದನ್ನು ಮೊದಲು ಬಳಕೆಗೆ ತಂದ ಫ್ರಾನ್ಸಿನ ಪಾಲ್ ವಿಯೆಯಿ ಹೇಳಿದ ನಿಯಮವೆಂದರೆ, ಒತ್ತಡ ಹೆಚ್ಚಿದಂತೆ ಮದ್ದು ಉರಿಯುವ ವೇಗವೂ ಹೆಚ್ಚುತ್ತದೆ. ಬೇಗ ಉರಿದರೆ ಹೆಚ್ಚು ಅನಿಲ, ಹೆಚ್ಚು ಅನಿಲವೆಂದರೆ ಹೆಚ್ಚು ಒತ್ತಡ, ಹೆಚ್ಚು ಒತ್ತಡವೆಂದರೆ ಇನ್ನೂ ಬೇಗ ಉರಿ. ಆದ್ದರಿಂದ ಮದ್ದನ್ನು ನೂರಕ್ಕೆ 1 ಪಾಲು ಹೆಚ್ಚಿಸಿದರೆ ಒತ್ತಡ ನೂರಕ್ಕೆ 1 ಪಾಲಿಗೇ ನಿಲ್ಲುವುದಿಲ್ಲ, ಅದಕ್ಕಿಂತ ಹೆಚ್ಚು ಏರುತ್ತದೆ. ನಾವು ಶಾಲೆಯಲ್ಲಿ ಕಲಿತ ನೇರ ಅನುಪಾತ ಇಲ್ಲಿ ನಡೆಯದು.

ಇದರ ಮೇಲೆ ಇನ್ನಷ್ಟು ಸಂಗತಿಗಳಿವೆ. ಒಂದೇ ಹೆಸರಿನ ಮದ್ದಾದರೂ ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಹಿತ್ತಾಳೆಯ ದಪ್ಪ ಹೆಚ್ಚಿದ್ದರೆ ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಗುಂಡನ್ನು ಎಷ್ಟು ಆಳಕ್ಕೆ ಕೂರಿಸಿದೆ ಎಂಬುದರಿಂದಲೂ ಒತ್ತಡ ಬದಲಾಗುತ್ತದೆ. ಬಹುಪಾಲು ಮದ್ದುಗಳು ಬಿಸಿಲಿನಲ್ಲಿ ಬಿಸಿಯಾದರೆ ಇನ್ನೂ ಚುರುಕಾಗುತ್ತವೆ. ಚಳಿಗಾಲದ ಮುಂಜಾವಿನಲ್ಲಿ ಸರಿಹೋದ ತೋಟ ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಸರಿಹೋಗುತ್ತದೆಂದು ಹೇಳಲಾಗದು.

ತಂತ್ರಾಂಶಕ್ಕೆ ಇವೆಲ್ಲ ಗೊತ್ತಿದೆಯೇ? ನಾವು ತುಂಬಿಸಿದಷ್ಟು ಮಾತ್ರ ಗೊತ್ತು. ನಾವು ತುಂಬದೆ ಬಿಟ್ಟ ಜಾಗದಲ್ಲಿ ಅದು ತಾನಾಗಿಯೇ ಸರಾಸರಿ ಸಂಖ್ಯೆಯೊಂದನ್ನು ಹಾಕಿಕೊಳ್ಳುತ್ತದೆ. ಉತ್ತರವನ್ನು ಮಾತ್ರ ದಶಮಾಂಶದ ನಂತರ ಎರಡು ಸ್ಥಾನದವರೆಗೂ ಕೊಡುತ್ತದೆ! ದಶಮಾಂಶ ಉದ್ದವಾಗಿದ್ದ ಮಾತ್ರಕ್ಕೆ ಉತ್ತರ ನಿಖರವಾಗುವುದಿಲ್ಲ. ಅಜ್ಜ ಕೇಳಿದ್ದು ಇದನ್ನೇ: ಅದು ನಮ್ಮ ಕೋವಿಯನ್ನು ನೋಡಿದೆಯೇ?

ತೊಲ, ಗುಲಗಂಜಿ, ಗ್ರೇನ್

ಮಾನಗಳ ಗೊಂದಲ ಮತ್ತೊಂದು ಬಲೆ. ಗುಂಡು, ಮದ್ದುಗಳನ್ನು ಇಂಗ್ಲಿಷ್ ದೇಶಗಳಲ್ಲಿ ‘ಗ್ರೇನ್’ ಎಂಬ ಹಳೆಯ ಮಾನದಲ್ಲಿ ತೂಗುತ್ತಾರೆ. ಇದು ನಮಗೂ ತೀರ ಅಪರಿಚಿತವಲ್ಲ. ಅಕ್ಕಸಾಲಿಗರ ತೊಲವನ್ನು ಬ್ರಿಟಿಷರು 180 ಗ್ರೇನ್ ಎಂದು ಗೊತ್ತುಮಾಡಿದ್ದರು. ತೊಲಕ್ಕೆ 96 ಗುಲಗಂಜಿ. ಆ ಲೆಕ್ಕದಲ್ಲಿ ಒಂದು ಗುಲಗಂಜಿಗೆ 2 ಗ್ರೇನ್‌ಗಿಂತ ಸ್ವಲ್ಪ ಕಡಿಮೆ. ಒಂದು ಗ್ರೇನ್ ಎಂದರೆ 0.065 ಗ್ರಾಂ, ಹೆಚ್ಚುಕಡಿಮೆ 3 ಭತ್ತದ ಕಾಳಿನ ತೂಕ.

ಒಂದು ಗ್ರಾಂಗೆ 15.43 ಗ್ರೇನ್. ಹೆಸರುಗಳು ಅಕ್ಕತಂಗಿಯರಂತೆ ಇವೆ, ಆದರೆ ನಡುವಿನ ಅಂತರ 15 ಪಟ್ಟು. ಚಿಕ್ಕ ತಕ್ಕಡಿಯ ಗುಂಡಿಯೊಂದನ್ನು ತಪ್ಪಿ ಒತ್ತಿದರೆ ಗ್ರೇನ್ ಇದ್ದದ್ದು ಗ್ರಾಂ ಆಗುತ್ತದೆ. ಇಂಥ ತಪ್ಪು ಹಳ್ಳಿಯ ಹುಡುಗ ಮಾತ್ರ ಮಾಡುತ್ತಾನೆಂದು ತಿಳಿಯಬೇಡಿ. 1999ರಲ್ಲಿ ಮಂಗಳ ಗ್ರಹ ತಲುಪಿದ ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ನಾಶವಾದದ್ದು ಏಕೆ? ಒಂದು ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಮಾನವೆಂದು ಓದಿಕೊಂಡದ್ದರಿಂದ. ಎರಡು ತಂತ್ರಾಂಶಗಳೂ ತಮ್ಮ ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದವು.

ಬಲ್ಲವರು ಹೇಗೆ ಬಳಸುತ್ತಾರೆ?

ನಳಿಗೆಯೊಳಗಿನ ಲೆಕ್ಕಕ್ಕೆ ಹೆಸರಾದ ‘ಕ್ವಿಕ್‌ಲೋಡ್’ ಎಂಬ ಜರ್ಮನಿಯ ತಂತ್ರಾಂಶವಿದೆ. ಅನುಮತಿ ಪಡೆದು ಈ ಹವ್ಯಾಸ ನಡೆಸುವ ದೇಶಗಳಲ್ಲಿ ಅನುಭವಿಗಳು ಅದನ್ನು ಬಳಸುವ ರೀತಿ ಗಮನಿಸುವಂಥದ್ದು.

ಅವರು ಮದ್ದಿನ ತೂಕವನ್ನು ತಂತ್ರಾಂಶದಿಂದ ತೆಗೆದುಕೊಳ್ಳುವುದಿಲ್ಲ. ಹಾರ್ನಡಿ, ಸಿಯೆರಾ, ಲೈಮನ್ ಮುಂತಾದ ಕಂಪನಿಗಳು ನಿಜವಾಗಿ ಹಾರಿಸಿ, ಪರೀಕ್ಷಿಸಿ ಅಚ್ಚು ಹಾಕಿಸಿದ ಕೈಪಿಡಿಗಳಿಂದ ತೆಗೆದುಕೊಳ್ಳುತ್ತಾರೆ. ಕೈಪಿಡಿಯಲ್ಲಿ ಆರಂಭದ ತೂಕವೂ ಗರಿಷ್ಠ ತೂಕವೂ ಇರುತ್ತವೆ. ಸಾಮಾನ್ಯವಾಗಿ ಗರಿಷ್ಠಕ್ಕಿಂತ ನೂರಕ್ಕೆ 10ರಷ್ಟು ಕಡಿಮೆಯಿಂದ ಆರಂಭ. ಅಲ್ಲಿಂದ ಚಿಕ್ಕ ಚಿಕ್ಕ ಮೆಟ್ಟಿಲುಗಳಲ್ಲಿ ಮೇಲಕ್ಕೆ ಹೋಗುತ್ತಾರೆ. ಕಡಿಮೆ ಹಾಕಿದರೆ ಕ್ಷೇಮ ಎಂದುಕೊಂಡು ಕೈಪಿಡಿಯ ಆರಂಭಕ್ಕಿಂತಲೂ ಕೆಳಗೆ ಇಳಿಯುವುದಿಲ್ಲ. ಕೆಲವು ನಿಧಾನ ಮದ್ದುಗಳಲ್ಲಿ ಅದೂ ಅಪಾಯವೇ.

ತಮ್ಮ ಹಿತ್ತಾಳೆ ತೋಟದಲ್ಲಿ ಎಷ್ಟು ಜಾಗವಿದೆ ಎಂಬುದನ್ನು ನೀರು ತುಂಬಿಸಿ ತೂಗಿ ನೋಡಿ, ಆ ಅಂಕಿಯನ್ನೇ ತಂತ್ರಾಂಶಕ್ಕೆ ಕೊಡುತ್ತಾರೆ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾರೆ. ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಡುತ್ತಾರೆ. ಗುಂಡಿನ ವೇಗವನ್ನು ಕ್ರೋನೋಗ್ರಾಫ್ ಎಂಬ ಉಪಕರಣದಿಂದ ಅಳೆಯುತ್ತಾರೆ. ಇದು ರಾಬಿನ್ಸನ ದಿಮ್ಮಿಯ ಇಂದಿನ ರೂಪ. ಎರಡು ಬೆಳಕಿನ ಕಣ್ಣುಗಳ ನಡುವೆ ಗುಂಡು ಹಾಯಲು ಹಿಡಿದ ಕಾಲದಿಂದ ಅದು ವೇಗವನ್ನು ಹೇಳುತ್ತದೆ. ಕಣ್ಣುಗಳ ನಡುವೆ 60 ಸೆಂಟಿಮೀಟರ್ ಇದ್ದು, ಗುಂಡಿನ ವೇಗ ಸೆಕೆಂಡಿಗೆ 800 ಮೀಟರ್ ಇದ್ದರೆ ಆ ಕಾಲ ಎಷ್ಟು? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಒಂದು ಸಾವಿರದ ಮುಕ್ಕಾಲು ಪಾಲು ಸೆಕೆಂಡು.

ಮುಖ್ಯವಾದ ಮಾತು ಈಗ ಬಂತು. ಅಳೆದ ವೇಗ ತಂತ್ರಾಂಶ ಹೇಳಿದ್ದಕ್ಕಿಂತ ಹೆಚ್ಚು ಬಂದರೆ ಅನನುಭವಿ ಹಿಗ್ಗುತ್ತಾನೆ: ನನ್ನ ಕೋವಿ ಎಲ್ಲರದಕ್ಕಿಂತ ಚೆನ್ನಾಗಿದೆ! ಅನುಭವಿ ಅಲ್ಲಿಗೇ ನಿಲ್ಲಿಸುತ್ತಾನೆ. ಏಕೆಂದರೆ ಪುಕ್ಕಟೆ ವೇಗ ಎಂಬುದು ಎಲ್ಲೂ ಇಲ್ಲ. ವೇಗ ಲೆಕ್ಕಕ್ಕಿಂತ ಹೆಚ್ಚಿದ್ದರೆ ಒತ್ತಡವೂ ಲೆಕ್ಕಕ್ಕಿಂತ ಹೆಚ್ಚಿದೆ ಎಂದೇ ಭಾವಿಸಬೇಕು. ಕೇಪು ಚಪ್ಪಟೆಯಾಗುವುದು, ಬೋಲ್ಟ್ ಬಿಗಿಯಾಗುವುದು ಮುಂತಾದ ಗುರುತುಗಳು ಬಹಳ ಸಲ ತಡವಾಗಿ, ಮಿತಿ ಮೀರಿದ ಮೇಲೆ ಕಾಣುತ್ತವೆ. ಅವುಗಳಿಗಾಗಿ ಕಾಯುವುದೆಂದರೆ ಹೊಗೆ ಬಂದ ಮೇಲೆ ಬಾವಿ ತೋಡಿದಂತೆ.

ಹಾಗಾದರೆ ತಂತ್ರಾಂಶ ಯಾತಕ್ಕೆ? ಹೋಲಿಸಿ ನೋಡುವುದಕ್ಕೆ, ‘ಇದನ್ನು ಬದಲಿಸಿದರೆ ಒತ್ತಡ ಯಾವ ಕಡೆಗೆ ಹೋಗುತ್ತದೆ’ ಎಂದು ಕೇಳುವುದಕ್ಕೆ, ಅಪಾಯದ ಹಾದಿಯನ್ನು ಮೊದಲೇ ಬಿಟ್ಟುಬಿಡುವುದಕ್ಕೆ. ಅದು ‘ಬೇಡ’ ಎಂದರೆ ನಂಬಬೇಕು. ‘ಆಗಬಹುದು’ ಎಂದರೆ ಕೈಪಿಡಿಯನ್ನೂ ಅಳತೆಯನ್ನೂ ಕೇಳಬೇಕು.

ಚಳ್ಳಕೆರೆಯ ಮೆಟ್ಟಿಲುಗಳು

ಮೆಟ್ಟಿಲು ಮೆಟ್ಟಿಲಾಗಿ ಏರುವುದು ಹವ್ಯಾಸಿಗಳ ಅಂಜುಬುರುಕುತನವಲ್ಲ. ಜಗಳೂರಿನ ನೆರೆಯ ಚಳ್ಳಕೆರೆಯಲ್ಲೇ ಇದಕ್ಕೆ ಉದಾಹರಣೆಯಿದೆ. ಅಲ್ಲಿನ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋ ತನ್ನ ರೆಕ್ಕೆಯುಳ್ಳ ಮರುಬಳಕೆ ನೌಕೆಯನ್ನು ಇಳಿಸುವ ಪ್ರಯೋಗ ನಡೆಸಿತು. 2023ರ ಏಪ್ರಿಲ್ 2ರಂದು ವಾಯುಪಡೆಯ ಹೆಲಿಕಾಪ್ಟರ್ ಅದನ್ನು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ನೌಕೆ ತಾನಾಗಿಯೇ ರನ್‌ವೇಗೆ ಇಳಿಯಿತು. 2024ರ ಮಾರ್ಚ್ 22ರಂದು ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್ 23ರಂದು 500 ಮೀಟರ್ ಪಕ್ಕಕ್ಕೆ, ಇನ್ನೂ ಕಠಿಣವಾದ ಗಾಳಿಯಲ್ಲಿ ಬಿಟ್ಟರು. ಮೂರು ಸಲವೂ ಯಶಸ್ಸು.

ಇಸ್ರೋ ಬಳಿ ಗಣಕಗಳಿಗೆ ಕೊರತೆಯಿರಲಿಲ್ಲ. 500 ಮೀಟರಿನ ಲೆಕ್ಕವನ್ನು ಮೊದಲ ದಿನವೇ ಪರದೆಯ ಮೇಲೆ ಇಳಿಸಿ ನೋಡಿದ್ದಾರು. ಆದರೂ ಸುಲಭದಿಂದ ಆರಂಭಿಸಿ, ಅಳೆದು, ಆಮೇಲೆ ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು. ಅದೂ ಜನವಸತಿಯಿಂದ ದೂರದ ಕಾವಲಿನಲ್ಲಿ.

ಕೋವಿಯಿಲ್ಲದ ಪ್ರಯೋಗ

ಈ ಪಾಠ ಕಲಿಯಲು ಮದ್ದು ಬೇಕಿಲ್ಲ, ಒಂದು ಗೋಲಿ ಸಾಕು. 80 ಸೆಂಟಿಮೀಟರ್ ಎತ್ತರದ ಮೇಜಿನ ಮೇಲೆ ಪುಸ್ತಕಗಳಿಂದ ಒಂದು ಇಳಿಜಾರು ಮಾಡಿ ಗೋಲಿಯನ್ನು ಉರುಳಿಬಿಡಿ. ಮೇಜಿನ ಸಮತಟ್ಟಾದ ಒಂದು ಮೀಟರ್ ದಾಟಲು ಎಷ್ಟು ಹೊತ್ತು ಬೇಕೆಂದು ಮೊಬೈಲಿನ ಗಡಿಯಾರದಲ್ಲಿ ಅಳೆದು ವೇಗ ತಿಳಿಯಿರಿ. 80 ಸೆಂಟಿಮೀಟರ್ ಬೀಳಲು ಸುಮಾರು 0.4 ಸೆಕೆಂಡು ಸಾಕು. ವೇಗ ಸೆಕೆಂಡಿಗೆ ಒಂದೂವರೆ ಮೀಟರ್ ಇದ್ದರೆ ಗೋಲಿ ಮೇಜಿನ ಅಂಚಿನಿಂದ 60 ಸೆಂಟಿಮೀಟರ್ ದೂರ ಬೀಳಬೇಕು. ಅಲ್ಲಿ ರಾಗಿ ಹಿಟ್ಟು ಹರಡಿದ ತಟ್ಟೆ ಇಡಿ.

ಹತ್ತು ಸಲ ಮಾಡಿ. ಹತ್ತು ಗುರುತುಗಳೂ ಒಂದೇ ಕಡೆ ಬೀಳುವುದಿಲ್ಲ. ಮೇಜು ಓರೆಯೇ? ಗಡಿಯಾರ ಒತ್ತಿದ ಬೆರಳು ತಡವಾಯಿತೇ? ಗೋಲಿ ಪ್ರತಿ ಸಲವೂ ಒಂದೇ ಜಾಗದಿಂದ ಹೊರಟಿತೇ? ಒಂದೊಂದನ್ನೇ ಸರಿಪಡಿಸಿ ಮತ್ತೆ ಹತ್ತು ಸಲ ನೋಡಿ, ಬರೆದಿಡಿ. ಲೆಕ್ಕಕ್ಕೂ ಲೋಕಕ್ಕೂ ನಡುವಿನ ಅಂತರ ಬೆರಳಿನಲ್ಲಿ ಅಳೆಯುವಷ್ಟು ಕಣ್ಣೆದುರಿಗೆ ಬರುತ್ತದೆ. ಯಾರ ಕಣ್ಣಿಗೂ ಅಪಾಯವಿಲ್ಲ.

ಕೊನೆಗೆ ಪಾಲಕರಿಗೆ ಒಂದು ಮಾತು. ಕೇಪಿನ ಕೋವಿ ಇರುವ ಮನೆಗಳಲ್ಲಿ ಒಂದನ್ನು ಕಡ್ಡಾಯವಾಗಿ ತಿಳಿದಿರಬೇಕು. ಅದನ್ನು ಕಪ್ಪು ಮದ್ದಿಗೆಂದು ಮಾಡಿದ್ದು. ತೋಟಗಳಲ್ಲಿರುವ ಹೊಗೆಯಿಲ್ಲದ ಮದ್ದು ಅದಕ್ಕಿಂತ ತೀರ ಬೇರೆ ಜಾತಿಯದು. ಅದನ್ನು ಹಳೆಯ ನಳಿಗೆಗೆ ಹಾಕಿದರೆ ನಳಿಗೆಯೇ ಸಿಡಿಯಬಹುದು. ಯಾವ ತಂತ್ರಾಂಶದ ಲೆಕ್ಕವೂ ಇದನ್ನು ಸರಿಮಾಡಲಾರದು. ಕೋವಿಯೂ ಮದ್ದೂ ಬೇರೆ ಬೇರೆ ಕಡೆ, ಬೀಗದೊಳಗೆ ಇರಲಿ. ಕತ್ತಲಲ್ಲಿ ಹಂದಿಗೂ ಬೇರೆ ಪ್ರಾಣಿಗೂ ವ್ಯತ್ಯಾಸ ತಿಳಿಯದು. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿಯೇ ವನ್ಯಧಾಮವಿದೆ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಪರಿಹಾರ ಕೇಳುವ ದಾರಿಯಿದೆ.

ಮಗ ಅಥವಾ ಮಗಳು ಮೊಬೈಲಿನಲ್ಲಿ ಇಂಥ ಲೆಕ್ಕ ನೋಡುತ್ತಿದ್ದರೆ ಗದರಿ ಕಸಿದುಕೊಳ್ಳಬೇಡಿ. ಕುತೂಹಲ ಒಳ್ಳೆಯದು. ಪಕ್ಕದಲ್ಲಿ ಕುಳಿತು ನ್ಯಾಮತಿಯ ಆ ಅಜ್ಜನಂತೆ ಒಂದೇ ಪ್ರಶ್ನೆ ಕೇಳಿ: ಈ ಲೆಕ್ಕ ಏನನ್ನು ನೋಡಿಲ್ಲ? ಉತ್ತರ ಹುಡುಕಲು ಮಗು ಪುಸ್ತಕ ತೆರೆದರೆ ಆ ದಿನದ ವಿಜ್ಞಾನದ ಪಾಠ ಮುಗಿದಂತೆಯೇ.